ತೋಡು ಬಾಚಿದ ತಪ್ಪು

ಕಳೆದ ವಾರ ನಾಪೋಕ್ಲು ಬಸ್ಸಿನಲ್ಲಿ ಬರುವಾಗ ಕೊಳೆತ ಕಾಫಿ ಸಿಪ್ಪೆಯ ವಾಸನೆ ಕಿಟಕಿಯಿಂದ ನುಗ್ಗಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ನೆನಪಾಗಿ ನಾಚಿಕೆಯಾಯಿತು…

ಬ್ರಿಟಿಷರ ಕಾಲ. ಕಕ್ಕಬೆಯ ಹತ್ತಿರ ನಮ್ಮ ಗದ್ದೆಗಳ ಮೇಲ್ಗಡೆ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿತ್ತು. ಹಣ್ಣು ಸುಲಿದ ಸಿಪ್ಪೆಯನ್ನೆಲ್ಲ ನಮ್ಮ ಗದ್ದೆಗಳಿಗೆ ನೀರು ತರುವ ತೋಡಿಗೆ ಬಿಡುತ್ತಿದ್ದರು. ಆ ನೀರು ಮೊದಲು ಇಳಿಯುತ್ತಿದ್ದುದು ದೊಡ್ಡಮ್ಮನ ಗದ್ದೆಗೆ. ಗಂಡನಿಲ್ಲದ ಅವರಿಗೆ ಅದೊಂದೇ ಗದ್ದೆ. ಎರಡು ವರ್ಷ ಭತ್ತದ ಸಸಿ ಕೊಳೆತುಹೋಯಿತು. ಕೇಳಲು ಹೋದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, "ತೋಡು ನಿಮ್ಮೂರಿಂದು, ನೀವೇ ಬಾಚ್ಕೊಳ್ಳಿ" ಎಂದ.

ದೊಡ್ಡಮ್ಮ ನೇರ ವಿರಾಜಪೇಟೆಯ ಕೋರ್ಟಿಗೆ ಹೋಗಿ, ದೊರೆಯೇ ತನ್ನ ಖರ್ಚಿನಲ್ಲಿ ತೋಡು ಬಾಚಿಸಲಿ ಎಂದು ದಾವೆ ಹಾಕಿದರು. "ಹೊಲಸು ಮಾಡಿದ್ದು ಅವ್ರು. ಗುದ್ದಲಿ ನಾನ್ಯಾಕೆ ಹಿಡೀಲಿ?"

ಅವರ ಪರ ಸಾಕ್ಷಿ ನಾನು. ಮಳೆಗೆ ಮುಂಚೆ ಮನೆಗೊಬ್ಬರಂತೆ ಸೇರಿ ಹೂಳು ತೆಗೆದು ತೋಡು ಬಾಚುವುದು ನಮ್ಮೂರಿನ ಹಳೆಯ ಪದ್ಧತಿ. ದೊರೆಯ ವಕೀಲ ನಯವಾಗಿ ಕೇಳಿದ: "ಸಿಪ್ಪೆ ಬರೋಕೆ ಶುರುವಾದ ಮೇಲೂ ನೀವೇ ಬಾಚಿದ್ರಾ?"

"ಹೌದು" ಎಂದೆ. ಎದೆಯುಬ್ಬಿಸಿ ಎಂದೆ, ಮಂಕು ನಾನು! ಇಷ್ಟು ವರ್ಷ ಊರವರೇ ಬಾಚಿದ್ದರಿಂದ ಆ ಹೊಣೆ ಊರಿನದೇ ಎಂದು ತೀರ್ಪಾಯಿತು.

ಹೊರಗೆ ಬಂದಾಗ ನನಗೆ ತಲೆಯೆತ್ತಲಾಗಲಿಲ್ಲ. ದೊಡ್ಡಮ್ಮ ಬೈಯಲಿಲ್ಲ. "ನಿಜಾನೇ ಹೇಳಿದ್ದೀಯ, ಬಿಡು ಮಗಾ. ಇನ್ಮೇಲೆ ಬಾಚಿದ್ರೆ ಮಾತ್ರ ನೋಡು" ಎಂದರು.

ಆ ವರ್ಷ ಬಾಚುವ ದಿನ ಅವರು ತೋಡಿನ ದಂಡೆಯಲ್ಲೇ ಕುಳಿತುಬಿಟ್ಟರು. "ನನ್ನ ದಾಟ್ಕೊಂಡು ಇಳೀರಿ" ಎಂದರು. ಮೊದಲು ಗುದ್ದಲಿ ಕೆಳಗಿಟ್ಟವನು ನಾನು. ಗೊಣಗುತ್ತಲೇ ಉಳಿದವರೂ ಇಟ್ಟರು. ನಮ್ಮ ಗದ್ದೆಗಳೆಲ್ಲ ಪಾಳು ಬಿದ್ದವು, ಆ ವರ್ಷ ಅಕ್ಕಿಗೆ ಪರದಾಡಿದೆವು. ಆದರೆ ಮಳೆ ಹಿಡಿದಾಗ ಸಿಪ್ಪೆ ಕಟ್ಟಿಕೊಂಡ ತೋಡು ಹಿಂದಕ್ಕೆ ಉಕ್ಕಿ, ತೋಡಿನಂಚಿನಲ್ಲೇ ಇದ್ದ, ಹಣ್ಣು ಸುಲಿಯುವ ದೊರೆಯ ಪಲ್ಪರ್ ಮನೆಯೊಳಗೆ ಮೊಣಕಾಲುದ್ದ ನಿಂತಿತು. ಮರುದಿನವೇ ಎಸ್ಟೇಟಿನ ಆಳುಗಳು ಗುದ್ದಲಿ ಹೊತ್ತು ಇಳಿದು ಬಂದರು. ದೊಡ್ಡಮ್ಮ ಜಗಲಿಯಲ್ಲಿ ಕುಳಿತು ವೀಳ್ಯ ಮೆಲ್ಲುತ್ತಾ ನೋಡಿದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಎಸ್ಟೇಟಿನವರೇ ಬಾಚಿದರು.

ಕೋರ್ಟಿನ ಕಾಗದದಲ್ಲಿ ಮಾತ್ರ ದೊಡ್ಡಮ್ಮ ಸೋತವರೇ. ಸೋಲಿಸಿದ್ದು ನನ್ನ ಮಾತು. ಅವರು ತೀರಿಹೋಗಿ ಎಷ್ಟೋ ಕಾಲವಾಯಿತು…

ಬಸ್ಸಿನಲ್ಲಿ ಪಕ್ಕದವನು, "ಈ ತೋಡನ್ನ ನಾವೇ ಊರವ್ರು ಸೇರಿ ಕ್ಲೀನ್ ಮಾಡ್ಬೇಕು ಅಜ್ಜ" ಎಂದ.

"ಮುಟ್ಬೇಡಿ!" ಎಂದೆ. ಬಸ್ಸೆಲ್ಲ ತಿರುಗಿ ನೋಡಿತು. ದೊಡ್ಡಮ್ಮನಿಲ್ಲದ ಊರಿನಲ್ಲಿ ಈ ಮಾತು ಹೇಳಲು ಉಳಿದಿರುವವನು, ಅಂದು ಕೋರ್ಟಿನಲ್ಲಿ ಹೌದು ಎಂದ ನಾನೊಬ್ಬನೇ.