ಅಕ್ಕ ಹತ್ತದ ವಿಮಾನ

ನಮ್ಮ ಅಕ್ಕ ಹನ್ನೊಂದು ವರ್ಷ ಒಂದು ವಿಮಾನ ಹತ್ತಲಿಲ್ಲ. ವಿಮಾನ ಹತ್ತದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಆ ವಿಮಾನ ಅವಳ ಅಡುಗೆಮನೆಯ ಬಾಗಿಲಿನಿಂದ ಮುನ್ನೂರು ಹೆಜ್ಜೆ ದೂರದಲ್ಲಿ, ಕೊಬ್ಬರಿ ಅಟ್ಟದ ಪಕ್ಕದ ಹೆಂಚಿನ ಶೆಡ್ಡಿನಲ್ಲಿ ನಿಂತಿತ್ತು. ಅದನ್ನು ಹಾರಿಸುತ್ತಿದ್ದವರು ಅವಳ ಗಂಡ.

ಭಾವನದು ಕಡಬದ ಹತ್ತಿರ ತೆಂಗಿನ ತೋಟ, ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ. ಹರೆಯದಲ್ಲಿ ಬೆಂಗಳೂರಿಗೆ ಹೋಗಿ ವಿಮಾನ ಹಾರಿಸಲು ಕಲಿತಿದ್ದರು. ಐವತ್ತು ದಾಟಿದ ಮೇಲೆ ಆ ಹುಚ್ಚು ಮತ್ತೆ ಕೆದರಿ, ನಾಲ್ಕು ಸೀಟಿನ ಒಂದು ಹಳೆಯ ವಿಮಾನ ತಂದರು. ಬೇಕಾದ ಪರ್ಮಿಷನ್ನುಗಳಿಗೆಲ್ಲ ಅಲೆದಾಡಿ, ತೋಟದ ಪಕ್ಕದ ಹೊಲದಲ್ಲಿ ಮಣ್ಣಿನ ರನ್‌ವೇ ಮಾಡಿಸಿದರು. ರಾಗಿ ಬಿಟ್ಟು ರನ್‌ವೇ ಬೆಳೆದ ಮನುಷ್ಯ ಎಂದು ಚೇಳೂರಿನವರೆಗೂ ಹೆಸರಾಯಿತು.

ಮೊದಲ ದಿನವೇ ಅಕ್ಕನನ್ನು ಕರೆದರು. ನಾನೂ ಅಕ್ಕನೂ ಹುಟ್ಟಿದ್ದು ಕುಣಿಗಲ್‌ನಲ್ಲಿ. ಕುಣಿಗಲ್ ಕೆರೆಯ ಮೇಲೆ ಒಂದು ಸುತ್ತು ಹಾಕಿ, ಹೆಂಡತಿಗೆ ಅವಳ ತವರನ್ನು ಆಕಾಶದಿಂದ ತೋರಿಸಬೇಕೆಂಬುದು ಭಾವನ ಆಸೆ. ಅಕ್ಕ ಬಾಗಿಲಿಂದ ತಲೆ ತೂರಿಸಿ, ಪೈಲಟ್ ಮುಂದಿನ ಬೋರ್ಡಿನಲ್ಲಿದ್ದ ದುಂಡನೆಯ ಮೀಟರುಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಇಂಜಿನ್ ಆನ್ ಆಗಿತ್ತು.

"ರೀ, ಇಷ್ಟೊಂದು ಗಡಿಯಾರ ಅವೆ, ಒಂದಕ್ಕೂ ಇನ್ನೊಂದಕ್ಕೂ ತಾಳಮೇಳ ಇಲ್ವಲ್ರೀ. ಮುಳ್ಳೆಲ್ಲ ಗಡಗಡ ಅಂತ ನಡುಗ್ತಾವೆ. ಅವಕ್ಕೇ ಹೆದ್ರಿಕೆ ಆದ್ರೆ ನನ್ ಗತಿ ಏನು? ಹೊಸದು ಹಾಕ್ಸಿ, ಆಮೇಲೆ ಬರ್ತೀನಿ," ಎಂದಳು.

ಅಷ್ಟೇ. ಅಲ್ಲಿಂದ ಹನ್ನೊಂದು ವರ್ಷ, ಭಾವ ವಿಮಾನ ಹೊರಗೆ ತೆಗೆದಾಗಲೆಲ್ಲ ಅಕ್ಕ ಮೊರ ತಂದು ಶೆಡ್ಡಿನ ಬಾಗಿಲಲ್ಲಿ ಕೂರುತ್ತಿದ್ದಳು. ರಾಗಿ ಕೇರುವುದೋ, ಅವರೆಕಾಯಿ ಸುಲಿಯುವುದೋ, ಏನೋ ಒಂದು. ತಲೆ ಎತ್ತಿ ಮೇಲೆ ನೋಡಿದ್ದು ನಾನಂತೂ ಕಂಡಿಲ್ಲ. ಗಂಡ ಆಕಾಶದಲ್ಲಿದ್ದರೂ ಇವಳಿಗೆ ಅವರೆಕಾಯಿಯದೇ ಚಿಂತೆ ಎಂದು ಒಳಗೊಳಗೇ ಬೈದುಕೊಂಡಿದ್ದೇನೆ.

ನನ್ನ ವಿಷಯ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ವಿಮಾನದ ಮೀಟರುಗಳನ್ನು ರಿಪೇರಿ ಮಾಡಿ, ರಿಟೈರಾಗಿ, ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದವನು ನಾನು. ನನಗೆ ಕೆಲಸ ಗೊತ್ತು. ಗೊತ್ತು ಎಂಬುದೂ ಗೊತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ತಪ್ಪು, ಅಷ್ಟು ದೂರವೂ ಇರುವುದಿಲ್ಲ.

ಹೋದ ವರ್ಷ ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಭಾವ ನಮ್ಮ ಮನೆಗೆ ಬಂದರು. ಮೂರು ತಟ್ಟೆ ಇಡ್ಲಿ ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಹೇಳಿದರು: "ಬೋರ್ಡ್ ಪೂರ್ತಿ ಕಿತ್ತಾಕಿ ಹೊಸದು ಹಾಕ್ಬೇಕು ಕಣಯ್ಯ. ಸ್ಕ್ರೀನ್‌ದು."

"ಹನ್ನೊಂದು ವರ್ಷ ಇಲ್ದಿದ್ ಅರ್ಜೆಂಟು ಈಗೇನ್ ಬಂತು ಭಾವ?"

"ಡಿಸೆಂಬರ್‌ಗೆ ಲೈಸೆನ್ಸಿನ ಮೆಡಿಕಲ್ಲು. ಈ ಸಲ ಎಡಗಣ್ಣು ಪಾಸಾಗಲ್ಲ ಅಂತ ಡಾಕ್ಟ್ರು ಈಗ್ಲೇ ಹೇಳವ್ರೆ. ಅಷ್ಟರೊಳಗೆ ನಿಮ್ಮಕ್ಕನ್ನ ಒಂದ್ಸಲ ಕೂರಿಸ್ಕೋಬೇಕು."

ಅವರ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿಸಿದೆ.

ಸಾಮಾನು ಬಂತು. ಲೈಸೆನ್ಸ್ ಇದ್ದ ಇಂಜಿನಿಯರ್ ಒಬ್ಬರು ಬೆಂಗಳೂರಿನಿಂದ ಬಂದು, ಏನು ಎಲ್ಲಿ ಎಂದು ನಕ್ಷೆ ಹಾಕಿಕೊಟ್ಟು, ಕೊನೆಯಲ್ಲಿ ಪರೀಕ್ಷೆ ಮಾಡಿ ಸಹಿ ಹಾಕುತ್ತೇನೆಂದು ಹೋದರು. ಕೈಕೆಲಸ ನನ್ನದು. ಹಳೆಯ ಮೀಟರುಗಳನ್ನು ಬಿಚ್ಚಿ ಗೋಣಿಚೀಲಕ್ಕೆ ತುಂಬಿದೆ. ಎತ್ತರ ತೋರಿಸುವ ಮೀಟರಿನ ಹಿಂದೆ ಇಲಿಯೊಂದು ಕೊಬ್ಬರಿ ಚೂರು ಬಚ್ಚಿಟ್ಟಿತ್ತು. ಅದು ಎಷ್ಟು ಅಡಿ ಎತ್ತರಕ್ಕೆ ಹೋಗಿ ಬಂದ ಕೊಬ್ಬರಿಯೋ ದೇವರೇ ಬಲ್ಲ. ಅವುಗಳ ಜಾಗದಲ್ಲಿ ಎರಡು ಸ್ಕ್ರೀನ್ ಕೂರಿಸಿದೆ: ಒಂದರಲ್ಲಿ ವೇಗ, ಎತ್ತರ, ದಿಕ್ಕು, ಇನ್ನೊಂದರಲ್ಲಿ ಊರು ಕೆರೆಗಳೆಲ್ಲ ಇರುವ ಮ್ಯಾಪು. ತೋಟದಲ್ಲಿ ತೆಂಗಿನಕಾಯಿ ಸುಲಿಯುವವರು ಕೆಲಸ ಬಿಟ್ಟು ನೋಡಲು ಬಂದರು. "ಸೀರಿಯಲ್ ಬತ್ತದಾ ಸಾಮಿ ಇದ್ರಾಗೆ?" ಎಂದು ಒಬ್ಬ ಕೇಳಿದ. ಬರುವುದಿಲ್ಲ ಎಂದೆ. ಮತ್ಯಾಕೆ ಇಷ್ಟು ಒದ್ದಾಟ ಎಂಬಂತೆ ನನ್ನ ಮುಖ ನೋಡಿ ಹೊರಟ.

ಹಳೆಯದರಲ್ಲಿ ಒಂದನ್ನು ಮಾತ್ರ ಹಾಗೇ ಉಳಿಸಬೇಕು, ಅದು ನಿಯಮ. ಬೋರ್ಡಿನ ಮೇಲೆ ನಡುವೆ ಕೂರುವ ಕಂಪಾಸು. ಕರೆಂಟು ಬೇಡ, ವೈರು ಬೇಡ. ಸ್ಕ್ರೀನ್ ಎರಡೂ ಕೆಟ್ಟರೆ ದಿಕ್ಕು ಹೇಳಲು ಅದೊಂದೇ ಗತಿ. ಅದರ ಕೆಳಗೆ ಹಳದಿ ತಿರುಗಿದ ಒಂದು ಚೀಟಿ ಅಂಟಿಸಿತ್ತು. ಭಾವನ ಕೈಬರಹ: ಉತ್ತರಕ್ಕೆ ಹೋಗಬೇಕಾದರೆ ಇಷ್ಟು ಕಳೆ, ಆಗ್ನೇಯಕ್ಕಾದರೆ ಇಷ್ಟು ಕೂಡು ಎಂದು. ಸಣ್ಣ ಅಂಕಿಗಳಲ್ಲ, ಇಪ್ಪತ್ತರ ಆಸುಪಾಸು.

"ಇದೇನ್ ಭಾವ, ಈ ಕಂಪಾಸು ಇಷ್ಟು ಕೆಟ್ಟಿತ್ತಾ?"

"ಹಳೇದು ಬುಡು," ಎಂದರು, ಬೇರೆ ಕಡೆ ನೋಡುತ್ತಾ.

ನಾನು ಆ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ. ಕಂಪಾಸನ್ನು ಶನಿವಾರ ಸಂಜೆ ಪರೀಕ್ಷಿಸಿದರೆ ಚಿನ್ನದಂತೆ ಇತ್ತು. ಸ್ಕ್ರೀನ್ ಏನು ಹೇಳಿತೋ ಕಂಪಾಸೂ ಅದನ್ನೇ ಹೇಳಿತು. ಭಾವನಿಗೆ ಕಂಪಾಸು ನೋಡಲು ಬರುವುದಿಲ್ಲ ಎಂದು ತೀರ್ಮಾನಿಸಿದೆ.

ಇನ್ನು ಉಳಿದಿದ್ದು ಒಂದೇ. ಹೊಸ ಬೋರ್ಡು ಹಾಕಿದ ಮೇಲೆ ನೆಲದ ಮೇಲೆ ಎಂಟು ದಿಕ್ಕಿನ ಗೆರೆ ಎಳೆದು, ವಿಮಾನವನ್ನು ಒಂದೊಂದು ಗೆರೆಗೂ ತಿರುಗಿಸಿ ನಿಲ್ಲಿಸಿ, ಕಂಪಾಸು ಎಷ್ಟು ತಪ್ಪು ತೋರಿಸುತ್ತದೆಂದು ಬರೆದುಕೊಳ್ಳಬೇಕು. ಗೆರೆಗೆ ಸುಣ್ಣ ಕೇಳಿದೆ. ಅಕ್ಕ ರಂಗೋಲಿ ಡಬ್ಬ ಹಿಡಿದುಕೊಂಡು ತಾನೇ ಬಂದಳು. "ಬರೀ ಗೆರೆ ಸಾಕು ಅಕ್ಕ," ಎಂದೆ. "ಬೋಳುಬೋಳಾಗಿ ಬುಡೋದು ಮನೆ ಮುಂದೆ ಶೋಭೇನಾ?" ಎಂದು ಎಂಟು ಗೆರೆಯ ತುದಿಗೂ ಒಂದೊಂದು ಕಮಲ ಬಿಟ್ಟಳು. ಉತ್ತರದ ಕಮಲಕ್ಕೆ ಅರಿಸಿನ, ಕುಂಕುಮ ಬೇರೆ. ಭಾನುವಾರ ಬೆಳಿಗ್ಗೆ ವಿಮಾನಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದು ಪೂಜೆ ಮಾಡಿದಳು. ಕಾಯಿ ಸುಲಿಯುವವರು ನಾಲ್ಕು ಜನ ಸೇರಿ ವಿಮಾನವನ್ನು ತಳ್ಳಿ ಉತ್ತರದ ಕಮಲದ ಕಡೆ ಮುಖ ಮಾಡಿ ನಿಲ್ಲಿಸಿದರು.

ಸ್ಕ್ರೀನು ಉತ್ತರ ಎಂದಿತು. ಕಂಪಾಸು ಅಲ್ಲ ಎಂದಿತು, ಇಪ್ಪತ್ತು ಡಿಗ್ರಿ ಆಚೆ ಕೈ ತೋರಿಸಿತು.

ಎಂಟು ಕಮಲಕ್ಕೂ ತಿರುಗಿಸಿದೆವು. ಎಂಟರಲ್ಲೂ ಜಗಳ, ಒಂದೊಂದು ಕಡೆ ಒಂದೊಂದು ತರಹ. ನಾನು ಹಳೆಯ ಕಾಲದವನು, ಕಂಪಾಸು ಸುಳ್ಳು ಹೇಳುವುದಿಲ್ಲ ಎಂದು ನಂಬಿದವನು. ತಪ್ಪು ಸ್ಕ್ರೀನಿನದೇ ಎಂದು ಮಧ್ಯಾಹ್ನವೆಲ್ಲ ಕೂತು ವೈರು ಬಿಚ್ಚಿದೆ. ಮುಂದಿನ ಶನಿವಾರ ಮತ್ತೆ ಬಂದು ಜೋಡಿಸಿದೆ. ಸಂಜೆ ನೋಡಿದರೆ ಎರಡೂ ಅಣ್ಣತಮ್ಮಂದಿರಂತೆ ಒಂದೇ ಮಾತು. ಭಾನುವಾರ ಪೂಜೆ ಮಾಡಿ ಹೊರಗೆ ತಳ್ಳಿದರೆ ಮತ್ತೆ ಅದೇ ಜಗಳ. ಶನಿವಾರ ಸತ್ಯ ನುಡಿದು ಭಾನುವಾರ ಸುಳ್ಳು ಹೇಳುವ ಯಂತ್ರವನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ರಂಗೋಲಿ ಸೊಟ್ಟಗಿದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಕ್ಕ ಮುಖಕ್ಕೇ ಹೇಳಿದಳು. ಸ್ಕ್ರೀನ್ ಮಾಡಿದವನನ್ನು ಬೈದೆ, ನಕ್ಷೆ ಹಾಕಿದವರನ್ನು ಬೈದೆ, ಕಬ್ಬಿಣ ಕಂಪಾಸನ್ನು ಎಳೆದೀತೆಂದು ತಳ್ಳುವವರ ಸೊಂಟದಲ್ಲಿದ್ದ ಮಚ್ಚುಗಳನ್ನೆಲ್ಲ ಬಿಚ್ಚಿಸಿ ದೂರ ಇಡಿಸಿದೆ.

ಭಾವ ಈ ಹೊತ್ತೆಲ್ಲ ತೆಂಗಿನಕಾಯಿ ರಾಶಿಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ನವೆಂಬರ್ ಅರ್ಧ ಕಳೆದಿತ್ತು. ಇವರಿಗೆ ಅವಸರವೇ ಇಲ್ಲವಲ್ಲ ಎಂದು ನನಗೆ ಇನ್ನೂ ಉರಿಯಿತು.

ಮೂರನೆಯ ಭಾನುವಾರ. ಅದೇ ಪೂಜೆ, ಅದೇ ಕಮಲ, ಅದೇ ಇಪ್ಪತ್ತು ಡಿಗ್ರಿ. ನಾನು ಸಿಟ್ಟಿನಲ್ಲಿ ಸ್ಕ್ರೂಡ್ರೈವರನ್ನು ಬಲಗಡೆ ಸೀಟಿನ ಮೇಲೆ ಎಸೆದೆ. ಅದು ಸೀಟಿಗೆ ಬೀಳಲಿಲ್ಲ. ಬೋರ್ಡಿನ ಬಲ ತುದಿಯಲ್ಲಿ ಕರವಸ್ತ್ರ, ಟಾರ್ಚು ಇಡುವ ಪುಟ್ಟ ಡಬ್ಬ ಒಂದಿದೆ. ಅದರ ಪ್ಲಾಸ್ಟಿಕ್ ಮುಚ್ಚಳಕ್ಕೆ ಹೋಗಿ ಅಂಟಿಕೊಂಡು ನಿಂತಿತು. ಪ್ಲಾಸ್ಟಿಕ್ಕಿಗೆ ಕಬ್ಬಿಣ ಅಂಟುವುದುಂಟೇ? ಆ ಡಬ್ಬವನ್ನು ಮೂರು ವಾರದಲ್ಲಿ ಒಂದು ಸಲವೂ ತೆರೆದಿರಲಿಲ್ಲ. ಅದರಲ್ಲಿ ವೈರಿಲ್ಲ, ವೈರಿಲ್ಲದ ಕಡೆ ನಾನು ಯಾಕೆ ನೋಡಲಿ?

ತೆರೆದೆ. ಕೆಂಪು ವಸ್ತ್ರ, ಒಂದಿಷ್ಟು ಸೇವಂತಿಗೆ, ನಡುವೆ ಹಿತ್ತಾಳೆಯ ಪುಟ್ಟ ಬಸವ. ಎತ್ತಿ ತಿರುಗಿಸಿದೆ. ಪಾದದಡಿ ಒಂದು ದಪ್ಪ ಮ್ಯಾಗ್ನೆಟ್ಟು, ಹಳೆಯ ರೇಡಿಯೊ ಸ್ಪೀಕರಿನದು. ಅದಕ್ಕೆ ಮೆತ್ತಿದ ಅಂಟಿನ ಮೇಲೆ ಒಂದು ಹೆಬ್ಬೆರಳ ಗುರುತು.

ಆ ಹೆಬ್ಬೆರಳು ನನ್ನದೇ. ಎಷ್ಟೋ ವರ್ಷದ ಹಿಂದೆ, ಕಾರಿನಲ್ಲಿ ಬಸವ ಉರುಳಿ ಬೀಳುತ್ತಾನೆ ಎಂದು ಅಕ್ಕ ಹೇಳಿದ್ದಕ್ಕೆ, ಇನ್ನು ಭೂಕಂಪ ಆದರೂ ಬೀಳಲ್ಲ ನೋಡು ಎಂದು ನಾನೇ ಅಂಟಿಸಿಕೊಟ್ಟಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಅಂದರೆ ಇದೇ. ಆದರೆ ನಾಚಿಕೆಗಿಂತ ಮೊದಲು ಬಂದದ್ದು ಕೋಪ. "ಅಕ್ಕಾ," ಎಂದು ಕೂಗಿದ್ದು ಕೆರೆ ಏರಿಯವರೆಗೂ ಕೇಳಿರಬೇಕು.

ಅಕ್ಕ ಮಜ್ಜಿಗೆ ಚೊಂಬು ಹಿಡಿದು ನಿಧಾನವಾಗಿ ಬಂದಳು. "ಹೌದು, ನಾನೇ ಇಟ್ಟಿದ್ದು. ಮೊದಲ್ನೇ ದಿನದಿಂದ್ಲೂ ಅಲ್ಲೇ ಅವ್ನೆ. ದೇವ್ರ ಮುಂದೆ ನೀನು ಡ್ರಿಲ್ ಹೊಡೀಬಾರ್ದು ಅಂತ ಕೆಲಸದ ದಿನ ಎತ್ತಿಟ್ಟು, ಪೂಜೆ ದಿನ ತಂದು ಕೂರಿಸ್ತೀನಿ. ಅದಕ್ಯಾಕ್ ಹಿಂಗ್ ಬಾಯ್ ಮಾಡ್ತೀಯ?"

ಮ್ಯಾಗ್ನೆಟ್ಟು ಕಂಪಾಸನ್ನು ಎಳೆಯುತ್ತದೆ ಎಂದು ವಿವರಿಸಿದೆ. ಬಸವನನ್ನು ಡಬ್ಬದಿಂದ ಈಚೆ ತೆಗೆದು ತೋರಿಸಿದೆ, ಒಳಗಿಟ್ಟು ತೋರಿಸಿದೆ. ಕಂಪಾಸು ಅವನ ಹಿಂದೆಯೇ ಹೋಗುತ್ತಿತ್ತು, ಬರುತ್ತಿತ್ತು. ಅಕ್ಕನ ಮುಖ ಸಣ್ಣದಾಯಿತು. "ಹಂಗಾದ್ರೆ ಇಷ್ಟು ವರ್ಷ ಇವ್ರು ತಪ್ಪು ದಿಕ್ಕು ನೋಡ್ಕೊಂಡು ಹೋಗ್ತಿದ್ರಾ?"

ಆಗ ನನಗೆ ಜೇಬಿನ ಚೀಟಿ ನೆನಪಾಯಿತು. ತೆಗೆದು ನೋಡಿದೆ. ಭಾವ ಬರೆದಿದ್ದ ಅಂಕಿಗಳೂ ನಾನು ಮೂರು ವಾರದಿಂದ ಬರೆದುಕೊಂಡ ತಪ್ಪುಗಳೂ ಒಂದೇ ಇದ್ದವು. ಅವರಿಗೆ ಕಂಪಾಸು ನೋಡಲು ಬರುತ್ತಿತ್ತು. ಬಸವ ಎಷ್ಟು ಎಳೆಯುತ್ತಾನೆಂದು ದಿಕ್ಕು ದಿಕ್ಕಿಗೂ ಲೆಕ್ಕ ಹಾಕಿ ಇಟ್ಟಿದ್ದರು.

"ಭಾವ, ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಕಣಯ್ಯ."

"ಮತ್ತೆ ನನ್ನ ಮೂರು ಭಾನುವಾರ ಮಣ್ಣು ಮಾಡುದ್ರಲ್ಲ?"

"ನಾನ್ ಹೇಳಿದ್ರೆ ಬಸವನ್ನ ತೆಗ್ಸಿದ್ದು ನಾನು ಅಂತಾಗ್ತಿತ್ತು. ನೀನೇ ಕಂಡುಹಿಡುದ್ರೆ ಆ ಪಾಪ ನಿನಗೆ." ಕಡಲೆಕಾಯಿ ಸಿಪ್ಪೆ ಕೊಡವಿ ಎದ್ದರು. ಆಮೇಲೆ ಅಕ್ಕನ ಕಡೆ ನೋಡದೆ, ನನಗೇ ಹೇಳುವವರಂತೆ ಹೇಳಿದರು: "ಕರುದ್ರೆ ಇವ್ಳು ಬರ್ತಿರ್ಲಿಲ್ಲ. ತನ್ ಬದ್ಲು ಬಸವನ್ನ ಕಳಿಸಿದ್ಲು. ಬಂದವ್ನನ್ನ ಇಳ್ಸಕ್ಕಾಯ್ತದಾ?"

ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಕ್ಕ ಮಜ್ಜಿಗೆ ಬಿಸಿಯಾಗುತ್ತಿದೆ, ಬೇಗ ಕುಡೀರಿ ಎಂದು ಇಬ್ಬರನ್ನೂ ಗದರಿದಳು. ಲೋಟ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ರೀ, ಸಹಿ ಹಾಕೋರು ಯಾವತ್ತು ಬರ್ತಾರೆ?"

ಬುಧವಾರ ಬಂದರು. ಬಸವನಿಲ್ಲದ ಕಂಪಾಸು ಎಂಟು ಕಮಲಕ್ಕೂ ಒಪ್ಪಿತು. ಅವರು ಎಲ್ಲವನ್ನೂ ಪರೀಕ್ಷಿಸಿ, ರಂಗೋಲಿಯ ಫೋಟೋ ತೆಗೆದುಕೊಂಡು, ಸಹಿ ಹಾಕಿ ಹೋದರು.

ಭಾನುವಾರ ಬೆಳಿಗ್ಗೆ ಅಕ್ಕ ರೇಷ್ಮೆ ಸೀರೆ ಉಟ್ಟು ಬಂದಳು. ಕೈಯಲ್ಲಿ ಬಸವ. ಮತ್ತೆ ಶುರುವಾಯಿತಪ್ಪಾ ಎಂದುಕೊಂಡೆ. ಅವಳು ವಿಮಾನದ ಕಡೆ ಬರಲಿಲ್ಲ. ಶೆಡ್ಡಿನ ಬಾಗಿಲಲ್ಲಿ, ತಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಮೊರ ಬೋರಲು ಹಾಕಿ, ಅದರ ಮೇಲೆ ಬಸವನನ್ನು ರನ್‌ವೇ ಕಡೆ ಮುಖ ಮಾಡಿ ಕೂರಿಸಿದಳು.

"ಇವನ್ಯಾಕಕ್ಕ ಇಲ್ಲಿ?" ಎಂದೆ.

"ವಾಪಸ್ ಬರ್ತಾರಾ ಅಂತ ನೋಡ್ಕೊಳಕ್ಕೆ ಕೆಳಗೆ ಒಬ್ರು ಬೇಡ್ವೇನೋ. ಹನ್ನೊಂದು ವರ್ಷ ನಾನ್ ನೋಡ್ಕೊಂಡೆ. ಇವತ್ತು ಇವನು ನೋಡ್ಕೊಳ್ಲಿ."

ಅವರೆಕಾಯಿ ಸುಲಿಯುತ್ತಾಳೆ ಎಂದು ಬೈದುಕೊಂಡಿದ್ದೆನಲ್ಲ, ಆ ಬೈಗುಳವನ್ನೆಲ್ಲ ನನಗೇ ತಿರುಗಿಸಿಕೊಂಡೆ. ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ.

ಹಾರಿದೆವು. ಅಕ್ಕ ಮೊದಲ ಐದು ನಿಮಿಷ ಕಣ್ಣು ಮುಚ್ಚಿದ್ದಳು. ಆಮೇಲೆ ತೆರೆದು ಸ್ಕ್ರೀನನ್ನೇ ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ ಒಂದು ಕೆರೆ ಬಂತು. ಭಾವ ಹೆಮ್ಮೆಯಿಂದ, "ನೋಡೇ, ನಿಮ್ಮೂರು," ಎಂದರು.

"ಅಲ್ಲ ಕಣ್ರೀ. ಇದ್ಯಾವ್ದೋ ಬೇರೆ ಕೆರೆ. ಇದ್ರಲ್ಲಿ ಕುಣಿಗಲ್ಲು ಅಗೋ ಅಲ್ಲಿ ಎಡಗಡೆ ಐತೆ," ಎಂದು ಅಕ್ಕ ಮ್ಯಾಪಿನ ಮೇಲೆ ಬೆರಳಿಟ್ಟಳು.

ಭಾವ ಅಷ್ಟು ದೊಡ್ಡ ಸ್ಕ್ರೀನ್ ಎದುರಿಗಿದ್ದರೂ ಅಭ್ಯಾಸಬಲದಿಂದ ಕಂಪಾಸನ್ನೇ ನೋಡುತ್ತಾ, ಕೆಳಗೆ ಮೊರದ ಮೇಲೆ ಕೂತಿದ್ದ ಬಸವನ ಡಿಗ್ರಿಗಳನ್ನು ಕೂಡಿಕೊಂಡು ಹೋಗುತ್ತಿದ್ದರು. ನಾನು ಹಿಂದಿನಿಂದ ನಗಲು ಶುರುಮಾಡಿದವನು ಕುಣಿಗಲ್ ಕೆರೆ ಬರುವ ತನಕ ನಿಲ್ಲಿಸಲಿಲ್ಲ. ಅಲ್ಲಿಗೆ ದಾರಿ ತೋರಿಸಿಕೊಂಡು ಹೋದವಳು ಅಕ್ಕ. ಕೆರೆಯ ಮೇಲೆ ಒಂದು ಸುತ್ತು ಎಂದಿದ್ದು ನಾಲ್ಕು ಸುತ್ತಾಯಿತು.

ಡಿಸೆಂಬರಿನಲ್ಲಿ ಡಾಕ್ಟರು ಹೇಳಿದ ಹಾಗೇ ಆಯಿತು, ಭಾವ ಮತ್ತೆ ಹಾರಿಸಲಿಲ್ಲ. ಆದರೆ ಆ ಭಾನುವಾರ ಇಳಿದ ಕೂಡಲೇ ಅಕ್ಕ ಹೆಡ್‌ಫೋನ್ ತೆಗೆಯುವುದನ್ನೂ ಮರೆತು ಬಾಗಿಲು ತೆಗೆದಳು. ವೈರು ಎಳೆದು ಕೂರಿಸಿತು, ನಾನು ಬಿಡಿಸಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು ನೇರ ಶೆಡ್ಡಿನ ಬಾಗಿಲಿಗೆ ನಡೆದಳು. ಮೊರದ ಮೇಲಿದ್ದ ಬಸವನನ್ನು ಕೈಗೆತ್ತಿಕೊಂಡು, "ಬಂದ್ವಿ ಕಣಪ್ಪ, ಇಬ್ರೂ ಬಂದ್ವಿ," ಎಂದಳು.