ಓದದೆ ಬಿಟ್ಟ ಸಾಲು

ಚಂದ್ರ, ನಿನ್ನ ಕೆಲಸ ಕಳೆದದ್ದು ಸಾಹುಕಾರರಲ್ಲ. ನಾನು. ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಆಗಿದ್ದ ನಾನೇ— ಇವತ್ತಿಗೂ ಕಂಡ ಕೂಡಲೇ ನೀನು ಎದ್ದು ಕುರ್ಚಿ ಕೊಡುವ ಈ ಮನುಷ್ಯನೇ.

ಹೋದ ಭಾನುವಾರ ಬಾಳ್ಳುಪೇಟೆಯ ನಿನ್ನ ಮನೆಗೆ ಇದನ್ನು ಹೇಳಲೆಂದೇ ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ನೀನು ಕಾಫಿ ತರಿಸಿದೆ. ಮಗಳನ್ನು ಕರೆದು, “ಇವ್ರೇ ಕಣವ್ವ, ನನ್ನ ಫುಟ್‌ಬಾಲ್ ಆಡ್ಸಿದ್ ರೈಟ್ರು. ದೇವ್ರಂಥೋರು” ಅಂದೆ. ದೇವರಂಥವನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಬಸ್ಸು ಹತ್ತಿದ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ನಮ್ಮ ತೋಟಗಳ ಟೂರ್ನಮೆಂಟಿನ ನಿಯಮ ನಿನಗೆ ನೆನಪಿರಬೇಕು. ಯಾವ ತೋಟವೇ ಆಗಲಿ, ತನ್ನ ಆಟಗಾರರಿಗೆಲ್ಲ ಸೇರಿ ಕೊಡುವ ಸಂಬಳ ಒಂದು ಮಿತಿ ದಾಟಬಾರದು. ದುಡ್ಡಿದ್ದವರು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳಬಾರದೆಂದು ಕಮಿಟಿಯವರು ಮಾಡಿದ್ದು. ತೋಟದ ಕೆಲಸಕ್ಕೆ ಕೊಡುವ ಸಂಬಳವೂ ಆ ಮಿತಿಯೊಳಗೇ ಬರುತ್ತಿತ್ತು. ಹೆತ್ತೂರು ಕಡೆಯ ತೋಟದವರು ಮೂರು ವರ್ಷ ಸತತ ನಮ್ಮನ್ನು ಹೊಡೆದು ಕಳಿಸಿದ್ದರು. ಸಂತೆಯಲ್ಲಿ ಅವರ ರೈಟರ್ ನನ್ನನ್ನು ಕಂಡರೆ ಸಾಕು, “ಈ ಸಲಾನೂ ಬತ್ತೀರಾ ಮಾರಾಯ್ರೆ?” ಎಂದು ನಗುತ್ತಿದ್ದ. ಆ ನಗು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಆಗಲೇ ಮಂಗಳೂರಿನ ಫಾರ್ವರ್ಡ್ ಒಬ್ಬ ಬರಲು ಒಪ್ಪಿದ. ಅವನಿಗೆ ಕೊಡಬೇಕಾದ ಸಂಬಳಕ್ಕೆ ಮಿತಿಯೊಳಗೆ ಜಾಗವಿರಲಿಲ್ಲ.

ಜಾಗ ಮಾಡಿದೆ— ನಿನ್ನ ಕರಾರನ್ನು ತಿದ್ದಿ. ಟೀಮಿನ ವ್ಯವಹಾರವನ್ನೆಲ್ಲ ಸಾಹುಕಾರರು ನನಗೇ ಬಿಟ್ಟಿದ್ದರು, ಕೇಳುವವರಿರಲಿಲ್ಲ. ನಿನ್ನನ್ನೇ ಯಾಕೆ ಆರಿಸಿದೆ? ಬೇರೆಯವರಾಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದರು. ನೀನು ಕೇಳುವುದಿಲ್ಲವೆಂದು ಗೊತ್ತಿತ್ತು.

ಕೊಯ್ಲು ಮುಗಿದು ಮಳೆ ಹಿಡಿಯುವವರೆಗೆ, ಟೂರ್ನಮೆಂಟು ನಡೆಯುವ ಮೂರು ತಿಂಗಳು ನೀನು ಸಂಬಳವಿಲ್ಲದೆ ಆಡುವುದು, ಮಳೆ ಹಿಡಿದ ಮೇಲೆ ಅಷ್ಟನ್ನೂ ಒಟ್ಟಿಗೆ ತೆಗೆದುಕೊಳ್ಳುವುದು. ನಾನು ನಿನಗೆ ಓದಿ ಹೇಳಿದ್ದು ಇಷ್ಟು. ಕೊನೆಗೆ ಇನ್ನೊಂದು ಸಾಲಿತ್ತು: ‘ನಾನು ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತೇನೆ, ಹಿಂದಿನ ಸರ್ವಿಸಿನ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ.’ ಆ ಸಾಲಿಲ್ಲದಿದ್ದರೆ ಕಮಿಟಿಯವರು ನಿನ್ನನ್ನು ತೋಟದ ಆಳೆಂದೇ ಹಿಡಿದು, ನಿನ್ನ ಸಂಬಳವನ್ನೂ ಮಿತಿಗೆ ಸೇರಿಸುತ್ತಿದ್ದರು. ಓದಿದ್ದರೆ ನೀನು ಒಪ್ಪುತ್ತಿರಲಿಲ್ಲ. ಹನ್ನೊಂದು ವರ್ಷದ ಸರ್ವಿಸ್, ಅದರ ಮೇಲೆ ಆಳುಗಳ ಸಾಲಿನಲ್ಲಿ ಸಿಕ್ಕ ಲೈನ್ ಮನೆ— ಯಾರು ಬಿಟ್ಟುಕೊಡುತ್ತಾರೆ? ಅದೊಂದನ್ನು ಓದದೆ ಕಾಗದವನ್ನು ನಿನ್ನ ಮುಂದೆ ತಳ್ಳಿದೆ.

“ನೀವ್ ಓದಿದ್ ಮೇಲೆ ಆಯ್ತಲ್ಲ ರೈಟ್ರೇ. ಎಲ್ಲಿ ಒತ್ಲಿ?” ಅಂದೆ. ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಪ್ರಾಕ್ಟೀಸಿಗೆ ಓಡಿದೆ.

ಆ ವರ್ಷವೂ ನಾವು ಸೆಮಿಫೈನಲ್ಲಿನಲ್ಲೇ ಸೋತೆವು. ಮಂಗಳೂರಿನವನು ವನಗೂರು ಮೈದಾನದ ಧೂಳಿಗೆ ಬೈಯುತ್ತಾ ಮಾರನೆಯ ದಿನವೇ ಹೊರಟುಹೋದ. ನಿನ್ನ ಕಾಲಿನಿಂದ ಒಂದು ಬಾಲು ತಪ್ಪಿತ್ತಲ್ಲ— ಅದಕ್ಕೆ ನೀನು ಮೈದಾನದ ಅಂಚಿನಲ್ಲಿ ನನ್ನ ಕೈ ಹಿಡಿದು, “ತಪ್ಪಾಯ್ತು ರೈಟ್ರೇ, ನಿಮ್ ಮರ್ಯಾದೆ ಕಳ್ದ್ಬುಟ್ಟೆ” ಎಂದು ಅತ್ತೆ. ನೀನು ನನ್ನ ಹತ್ತಿರ ಕ್ಷಮೆ ಕೇಳಿದೆ! ಆಗಲಾದರೂ ಹೇಳಬಹುದಿತ್ತು.

ಮಳೆ ಹಿಡಿದ ಮೇಲೆ ಬಾಕಿ ಸಂಬಳ ಕೊಟ್ಟೆ. ಆಳುಗಳ ಹೆಸರು ಬರೆಯುವ ಚೆಕ್‌ರೋಲಿನಲ್ಲಿ ನಿನ್ನನ್ನು ಹಳೆಯ ತಾರೀಖಿಗೇ ಸೇರಿಸಬೇಕೆಂದು ಇದ್ದೆ, ನಿಜವಾಗಿಯೂ ಇದ್ದೆ. ಕಮಿಟಿಯವರು ಬಂದು ನೋಡಿದರೆ, ಮೋಸ ಬಯಲಾದರೆ— ಹೆದರಿಕೆ. ಹೊಸ ಆಳೆಂದು ಬರೆದುಬಿಟ್ಟೆ. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ.

ಎರಡು ವರ್ಷ ಕಳೆದು ಕಾಫಿ ರೇಟು ನೆಲ ಕಚ್ಚಿತು. ಸಾಹುಕಾರರು, “ಹೊಸಬ್ರನ್ನ ಮೊದ್ಲು ಬಿಡ್ಸಿ, ಹಳಬ್ರ ತಂಟೆಗೆ ಹೋಗ್ಬೇಡಿ” ಅಂದರು. ಪಟ್ಟಿ ಮಾಡಿದವನು ನಾನು. ತಾರೀಖಿನ ಪ್ರಕಾರ ನಿನ್ನ ಹೆಸರು ಮೂರನೆಯದಾಗಿ ಬಂತು. ನೀನು ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದೆ:

“ನಾನು ಹದಿಮೂರು ವರ್ಷದಿಂದ ಇದೀನಲ್ಲ ರೈಟ್ರೇ, ಹೊಸಬ್ರ ಜೊತೆ ನನ್ನೆಸ್ರು ಯಾಕೆ ಬಂತು?”

“ಸಾವ್ಕಾರ್ರು ಮಾಡಿದ್ದು ಕಣೋ. ನನ್ ಕೈಲಿ ಏನೈತೆ?”

ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಹಳೆಯ ಚೆಕ್‌ರೋಲ್ ಇತ್ತು. ಒಂದು ಮಾತು ಹೇಳಿದ್ದರೆ ಸಾಹುಕಾರರು ನಿನ್ನನ್ನು ಉಳಿಸಿಕೊಳ್ಳುತ್ತಿದ್ದರು. ನನ್ನನ್ನು ಮನೆಗೆ ಕಳಿಸುತ್ತಿದ್ದರು, ಅಷ್ಟೇ. ಆ ಅಷ್ಟಕ್ಕೇ ನಾನು ಹೆದರಿದೆ.

ನೀನು ಜಗಳವಾಡಲಿಲ್ಲ. ಪಾತ್ರೆ, ಹಾಸಿಗೆ, ಬುಟ್ಟಿಯಲ್ಲಿ ಎರಡು ಕೋಳಿಗಳನ್ನು ಜೀಪಿಗೆ ಏರಿಸಿ, ನಿನ್ನ ಹೆಂಡತಿ ಲೈನ್ ಮನೆಯ ನೆಲ ಸಾರಿಸುವವರೆಗೆ ಕಾದೆ. ಬಿಟ್ಟುಹೋಗುವ ಮನೆಯನ್ನು ಸಾರಿಸಿದಳು ಮಹಾತಾಯಿ. ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟೆ. ಬಾಳ್ಳುಪೇಟೆಗೆ ಹೋಗಿ ಲಾರಿಗೆ ಮೂಟೆ ಹೊತ್ತೆ. ಈಗ ನಿನ್ನ ಬೆನ್ನು ನೆಟ್ಟಗಾಗುವುದಿಲ್ಲ, ಹೋದ ಭಾನುವಾರ ನೋಡಿದೆ. ನಾನು ಮಾತ್ರ ಪೂರ್ತಿ ಸರ್ವಿಸ್ ಮುಗಿಸಿ, ಹಾರ ಹಾಕಿಸಿಕೊಂಡು ರಿಟೈರ್ ಆದೆ.

ಕ್ಷಮಿಸು ಎಂದು ಕೇಳುವುದಿಲ್ಲ ಚಂದ್ರ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನನಗೆ ಅದೇ ಭಯ.

ಬರುವ ಭಾನುವಾರ ಮತ್ತೆ ಬರುತ್ತೇನೆ. ನಿನ್ನ ಹೆಬ್ಬೆಟ್ಟಿನ ಆ ಕಾಗದ ಇನ್ನೂ ನನ್ನ ಹತ್ತಿರವಿದೆ, ಅದನ್ನೂ ಈಗ ಬರೆಯುತ್ತಿರುವ ಈ ಪತ್ರವನ್ನೂ ಒಟ್ಟಿಗೆ ತರುತ್ತೇನೆ. ಮುಗಿಯುವವರೆಗೆ ಕಾಫಿ ತರಿಸಬೇಡ. ಎರಡನ್ನೂ ನಾನು ಓದುವುದಿಲ್ಲ, ನಿನ್ನ ಮಗಳು ಓದಲಿ. ನಾನು ನಿನ್ನ ಎದುರಿಗೇ ಕೂತಿರುತ್ತೇನೆ.

ನಿಧಾನವಾಗಿ ಓದವ್ವ. ನಿಮ್ಮಪ್ಪನಿಗೆ ಕೇಳುವ ಹಾಗೆ ಓದು. ಒಂದು ಸಾಲನ್ನೂ ಬಿಡಬೇಡ.