ಎಂಬತ್ತು ವರ್ಷದ ಗೆರೆ

ಮೇವಿಸ್ ಟ್ರಿಗ್ಸ್ ಕೆಲಸದಲ್ಲಿದ್ದಷ್ಟು ಕಾಲವೂ ಕಾರು ಕಲಿತವರ ಪಕ್ಕ ಕೂತು, ಅವರಿಗೆ ಲೈಸೆನ್ಸ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಿದ ಹೆಂಗಸು. ಇಂಗ್ಲೆಂಡಿನ ಕಡಲತೀರದ ನಮ್ಮ ವರ್ಥಿಂಗ್ ಊರಿನ ಅರ್ಧ ಜನ ಆಕೆಯ ಕೈಯಲ್ಲಿ ನಪಾಸಾದವರೇ. ಯಾರು ಹವಾಮಾನದ ಬಗ್ಗೆ ಜಾಸ್ತಿ ಮಾತಾಡುತ್ತಾರೋ ಅವರು ಹಿಂದಿನ ಕನ್ನಡಿ ನೋಡಿರುವುದಿಲ್ಲ ಎಂಬುದು ಆಕೆಯ ಅನುಭವ. ನಿವೃತ್ತಿಯಾದ ಮೇಲೂ ಆ ಕಣ್ಣು ಮೊಂಡಾಗಲಿಲ್ಲ. ಮೀನಂಗಡಿಯವನು ನಕ್ಕು ಮಾತಾಡಿಸಿದರೆ ಮೀನಿನ ಕಿವಿರು ಎತ್ತಿ ನೋಡುವಳು. ಗ್ಯಾಸ್ ಮೀಟರ್ ನೋಡಲು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಅವನ ಮುಖವನ್ನು ಗುರುತಿನ ಚೀಟಿಯ ಫೋಟೋದ ಜೊತೆ ಹೋಲಿಸುವಳು.

ನಮ್ಮದು ಸಮುದ್ರದಿಂದ ಎರಡು ಬೀದಿ ಹಿಂದಿರುವ ಹಳೆಯ ಮನೆ, ಮೂರು ಫ್ಲ್ಯಾಟು. ಮೇಲಿನದರಲ್ಲಿ ನಾನು, ನಡುವಿನದರಲ್ಲಿ ಮೇವಿಸ್, ಕೆಳಗೆ ಲಯನಲ್ ಹಾಬ್‌ಡೆನ್. ನೆಲ, ಗೋಡೆ, ಚಾವಣಿ ಎಲ್ಲ ಹಾಬ್‌ಡೆನ್‌ನದು. ನಾವಿಬ್ಬರು ದುಡ್ಡು ಕೊಟ್ಟು ಕೊಂಡದ್ದು ಇಷ್ಟು ವರ್ಷ ಎಂಬ ಗುತ್ತಿಗೆಯನ್ನು ಮಾತ್ರ. ಅವಧಿ ಮುಗಿದ ದಿನ ಫ್ಲ್ಯಾಟು ಒಡೆಯನ ಪಾಲು. ಪಕ್ಕದ ಮನೆಯ ಒಂದು ಫ್ಲ್ಯಾಟು, ಗುತ್ತಿಗೆ ತೀರಾ ಕಡಿಮೆ ಉಳಿದಿದೆಯೆಂದು ಬ್ಯಾಂಕು ಸಾಲ ಕೊಡದೆ, ಮಾರಾಟವಾಗದೆ ಕೂತಿತ್ತು. ಅದನ್ನು ನೋಡಿ ಮೇವಿಸ್‌ಗೆ ಹೆದರಿಕೆ ಹತ್ತಿತು. ಬೇಸಿಗೆ ಮುಗಿಯುವಾಗ ಕೆಳಗಿಳಿದು, ಗುತ್ತಿಗೆಯ ಅವಧಿ ಹೆಚ್ಚಿಸಿಕೊಡಿ ಎಂದು ಹಾಬ್‌ಡೆನ್‌ನನ್ನು ಕೇಳಿದಳು.

"ಅದಕ್ಕೇನಂತೆ, ಮಾಡೋಣ. ನಮ್ಮ ನಮ್ಮಲ್ಲಿ ವಕೀಲರು ಯಾಕೆ ಮೇವಿಸ್? ಅವಸರ ಏನಿದೆ?" ಅಂದ ಆತ.

ಆ ವಾರವೇ ಆಕೆಯ ಬಾಗಿಲಿಗೆ ಪ್ಲಮ್ ಹಣ್ಣಿನ ಜಾಮ್ ಬಂತು. ಆಮೇಲೆ ಹುರುಳಿಕಾಯಿ. ಆಮೇಲೆ ಮಗುವಿನಷ್ಟು ದಪ್ಪದ ಒಂದು ಕುಂಬಳ ಜಾತಿಯ ಕಾಯಿ. ಅಷ್ಟು ವರ್ಷಗಳಲ್ಲಿ ಹಾಬ್‌ಡೆನ್ ಮೆಟ್ಟಿಲು ಹತ್ತಿ ಬಂದದ್ದು ಕಸದ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿಲ್ಲ ಎಂದು ದೂರಲು ಮಾತ್ರ.

ನವೆಂಬರಿನಲ್ಲಿ ಒಂದು ದಿನ ಮೇವಿಸ್ ಜಾಮ್ ಬಾಟಲಿ ಹಿಡಿದುಕೊಂಡೇ ನನ್ನ ಅಡುಗೆಮನೆಗೆ ಬಂದಳು.

"ಎನಿಡ್, ಇದನ್ನ ನೋಡು. ಮೂರನೇದು. ಏನಾದ್ರೂ ಇರಲೇಬೇಕು."

"ಜಾಮ್ ಇರುತ್ತೆ. ತಿನ್ನು."

"ತಮಾಷೆ ಬೇಡ ಕಣೇ. ಗುತ್ತಿಗೆ ಮಾತು ಎತ್ತಿದ್ರೆ ಸಾಕು, ಕ್ರಿಸ್‌ಮಸ್ ಕಳೀಲಿ ಅಂತಾನೆ, ಅಣ್ಣನ ಮಗ ಬರ್ಲಿ ಅಂತಾನೆ. ಆಮೇಲೆ ಮಳೆ ಬರೋ ಹಾಗಿದೆ ಅಂತಾನೆ."

"ನಿಂದು ಎಷ್ಟು ವರ್ಷ ಉಳಿದಿದೆ?"

"ಎಂಬತ್ತು ಚಿಲ್ಲರೆ. ಫೆಬ್ರವರಿಗೆ ಸರಿಯಾಗಿ ಎಂಬತ್ತು."

ನಾನು ಕೆಟಲ್ ಕೆಳಗಿಟ್ಟೆ. ನನ್ನ ಗುತ್ತಿಗೆಯನ್ನು ನಾನು ಮನೆ ಕೊಂಡಾಗಲೇ ಹೆಚ್ಚಿಸಿಕೊಂಡಿದ್ದರಿಂದ ಈ ಗೆರೆಯ ವಿಷಯ ಗೊತ್ತಿತ್ತು. ಎಂಬತ್ತಕ್ಕಿಂತ ಒಂದು ದಿನ ಕಡಿಮೆಯಾದರೂ, ಗುತ್ತಿಗೆಯ ಅವಧಿ ಹೆಚ್ಚಿದ್ದರಿಂದ ಫ್ಲ್ಯಾಟಿನ ಬೆಲೆ ಎಷ್ಟು ಏರುತ್ತದೋ ಅದರಲ್ಲಿ ಅರ್ಧವನ್ನು ಮಾಮೂಲಿ ಶುಲ್ಕದ ಮೇಲೆ ಒಡೆಯನಿಗೆ ಸೇರಿಸಿ ಕೊಡಬೇಕು. ಅದನ್ನು ಹೇಳಿದೆ. ಮೇವಿಸ್ ಬಾಟಲಿಯನ್ನು ಮೇಜಿನ ಮೇಲಿಟ್ಟು ದೂರ ತಳ್ಳಿದಳು.

"ಸಿಹಿ ತಿನ್ನಿಸಿ ದಿನ ತಳ್ತಾ ಇದಾನೆ," ಅಂದಳು.

ಆದರೂ ತೀರ್ಪು ಕೊಡುವ ಮೊದಲು ಪರೀಕ್ಷೆ ಮಾಡದಿದ್ದರೆ ಆಕೆ ಮೇವಿಸ್ ಅಲ್ಲ. ಮಾರನೆಯ ದಿನ ಕೆಳಗೆ ಹೋಗಿ, "ಈ ವಾರವೇ ಮುಗಿಸೋಣ, ಬೆಲೆ ಹೇಳಿ," ಅಂದಳಂತೆ. ಹಾಬ್‌ಡೆನ್ ಕಿಟಕಿಯ ಕಡೆ ತಿರುಗಿ, ಈ ಸಲ ಚಳಿ ಬೇಗ ಬಂತು ಎಂದು ಶುರುಮಾಡಿದನಂತೆ. ಮೇವಿಸ್‌ಗೆ ಅಷ್ಟು ಸಾಕಾಯಿತು. ನೇರವಾಗಿ ವಕೀಲೆಯ ಹತ್ತಿರ ಹೋದಳು. ಆ ವಕೀಲೆಯನ್ನೂ ನಂಬದೆ, ಅವಳು ಹೇಳಿದ್ದು ನಿಜವೇ ಎಂದು ಬ್ರೈಟನ್‌ನಲ್ಲಿ ಇನ್ನೊಬ್ಬರನ್ನು ಕೇಳಿ ಬಂದಳು. ಇಬ್ಬರೂ ಒಂದೇ ಮಾತು ಹೇಳಿದರು: ಫೆಬ್ರವರಿಗೆ ಮೊದಲು ಕಾನೂನಿನ ನೋಟಿಸ್ ಒಡೆಯನ ಕೈ ಸೇರಿದರೆ ಲೆಕ್ಕ ಆ ದಿನಕ್ಕೇ ನಿಲ್ಲುತ್ತದೆ, ಆಮೇಲೆ ಆತ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಜನವರಿಯಲ್ಲಿ ನೋಟಿಸ್ ಹೋಯಿತು.

ತರಕಾರಿ ನಿಂತಿತು. ಹಾಬ್‌ಡೆನ್ ಎದುರು ಸಿಕ್ಕರೆ ಟೋಪಿ ಸರಿಮಾಡಿಕೊಂಡು ಹೋಗುತ್ತಿದ್ದ. ಮೇವಿಸ್ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದಳು.

ನಾನು ಆಕೆಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದ ಒಂದು ಬೆಳಿಗ್ಗೆ ಆತ ಬಾಗಿಲು ತಟ್ಟಿದ. ಮೇವಿಸ್ ಸರಪಳಿ ತೆಗೆಯದೆ ಸಂದಿಯಲ್ಲೇ ಮಾತಾಡಿದಳು.

"ಏನ್ ಬೇಕು?"

"ಒಂದು ಮಾತು ಹೇಳ್ಬೇಕಿತ್ತು. ಫೆಬ್ರವರಿವರೆಗೆ ಎಳಿ ಅಂದಿದ್ದು ಅಣ್ಣನ ಮಗ ಕ್ರಿಸ್ಪಿನ್. ಸರಿ ಅಂದಿದ್ದು ನಾನು."

"ಗೊತ್ತಿತ್ತು. ಜಾಮ್ ತರೋಕೂ ಅವನೇ ಹೇಳಿದ್ನಾ?"

"ಇಲ್ಲ. ಮನಸ್ಸಿಗೆ ಹಿಂಸೆ ಆಗ್ತಿತ್ತು, ಅದಕ್ಕೆ ತಂದೆ. ನನಗೆ ಸೊಂಟದ ಕೀಲು ಹೋಗಿದೆ ಮೇವಿಸ್. ಸರ್ಕಾರಿ ಆಸ್ಪತ್ರೆ ಪಟ್ಟೀಲಿ ನನ್ನ ಸರದಿ ಬರೋಷ್ಟರಲ್ಲಿ ನಾನೇ ಇರಲ್ಲ. ಖಾಸಗಿಯಾಗಿ ಮಾಡಿಸ್ಕೊಳ್ಳೋಕೆ ದುಡ್ಡು ಬೇಕಿತ್ತು."

"ನಾನು ನೋಟಿಸ್ ಕೊಡದೇ ಇದ್ದಿದ್ರೆ? ಆ ಜಾಸ್ತಿ ದುಡ್ಡು ತಗೊಳ್ತಿದ್ರಾ?"

"ತಗೊಳ್ತಿದ್ದೆ," ಅಂದ ಹಾಬ್‌ಡೆನ್.

ಮೇವಿಸ್ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಸರಪಳಿ ತೆಗೆದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಕುರ್ಚಿ ತೋರಿಸಿ, "ಸಕ್ಕರೆ ಎಷ್ಟು?" ಎಂದು ಕೇಳಿದಳು. ಆತ ಕೂರುವಾಗ ಮೇಜು ಹಿಡಿದು ಮುಖ ಕಿವುಚಿದ್ದನ್ನು ಗಮನವಿಟ್ಟು ನೋಡಿದಳು. ನೋವು ಸುಳ್ಳಲ್ಲ ಎಂಬುದು ಆಕೆಗೆ ಖಾತ್ರಿಯಾದಂತಿತ್ತು.

ಕ್ರಿಸ್ಪಿನ್ ಚಿಕ್ಕಪ್ಪನ ಪರವಾಗಿ ಬೆಲೆಯ ಮೇಲೆ ಇನ್ನೂ ಮೂರು ತಿಂಗಳು ಜಗ್ಗಾಡಿದ. ಬೇಸಿಗೆಯಲ್ಲಿ ಒಪ್ಪಂದವಾಯಿತು. ಇದ್ದ ಅವಧಿಗೆ ತೊಂಬತ್ತು ವರ್ಷ ಸೇರಿತು. ಒಡೆಯನಿಗೆ ವರ್ಷ ವರ್ಷ ಕೊಡಬೇಕಾದ ನೆಲದ ಬಾಡಿಗೆ, ಕಾನೂನಿನ ಭಾಷೆಯಲ್ಲಿ, ವರ್ಷಕ್ಕೊಂದು ಕಾಳುಮೆಣಸು, ಅದೂ ಒಡೆಯ ಕೇಳಿದರೆ ಮಾತ್ರ; ಅಂದರೆ ಏನೂ ಇಲ್ಲ. ಸಹಿ ಹಾಕುವ ದಿನ ಮೇವಿಸ್ ಪ್ರತಿ ಹಾಳೆಯನ್ನೂ ಎರಡು ಸಲ ಓದಿದಳು. ವಕೀಲೆ ಊಟಕ್ಕೆ ಹೋಗಿ ಬಂದಳು.

ಮೇವಿಸ್ ಕೊಟ್ಟ ದುಡ್ಡು ಹಾಬ್‌ಡೆನ್‌ನ ಆಪರೇಷನ್ನಿಗೆ ಸಾಲದೆ, ಉಳಿದದ್ದನ್ನು ಕ್ರಿಸ್ಪಿನ್ನೇ ಹಾಕಬೇಕಾಯಿತು. ಅಕ್ಟೋಬರಿನಲ್ಲಿ ಹಾಬ್‌ಡೆನ್ ಊರುಗೋಲು ಹಿಡಿದು ಸಮುದ್ರದ ದಂಡೆಯಲ್ಲಿ ನಡೆಯತೊಡಗಿದ. ಮೇವಿಸ್ ಪಕ್ಕದಲ್ಲೇ ಹೋಗುತ್ತಿದ್ದಳು, ಕೈ ಹಿಡಿಯುತ್ತಿರಲಿಲ್ಲ.

"ಬೇಗ ನಡೀರಿ. ಅರ್ಧ ಸೊಂಟ ನನ್ನ ದುಡ್ಡಿಂದು."

"ಹಾಗಾದ್ರೆ ಎಡಗಡೆಯ ಅರ್ಧ ನಿಮ್ಮದಿರಬೇಕು," ಅಂದ ಹಾಬ್‌ಡೆನ್. "ಅದೇ ಬಗ್ಗಲ್ಲ ಅನ್ನೋದು."